ಕೊಯಮತ್ತೂರಿನ ನಾಯ್ಡು, ಬಾರ್ನಮ್‌ನ ಐದು ಇಟ್ಟಿಗೆ ಮತ್ತು ನಮ್ಮ ಗುಜರಿ ತಕ್ಕಡಿ

ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಓಡಾಡಿದವರಿಗೆ ಜಿ.ಡಿ. ನಾಯ್ಡು ಎಂಬ ಹೆಸರು ಕಾಣದೆ ಇರಲು ಸಾಧ್ಯವಿಲ್ಲ. ಅವರು ಕಟ್ಟಿದ ಕೈಗಾರಿಕಾ ವಸ್ತುಪ್ರದರ್ಶನ ಅಲ್ಲಿದೆ. ಅವರ ಕುಟುಂಬದ ಟ್ರಸ್ಟ್ 2015ರಲ್ಲಿ ತೆರೆದ ಕಾರ್ ಮ್ಯೂಸಿಯಂ ಅಲ್ಲಿದೆ. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ, ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆಗೂ ಅವರದೇ ಹೆಸರು. ಆದರೆ ನಮ್ಮ ಬ್ಯಾರಿ ಮನೆಗಳಲ್ಲಿ ಈ ಹೆಸರು ಕೇಳಿದವರು ಕಡಿಮೆ. ನಮಗೆ ಕೊಯಮತ್ತೂರು ಅಂದರೆ ಪಂಪ್‌ಸೆಟ್, ಮೋಟಾರು, ವೆಟ್ ಗ್ರೈಂಡರ್. ತಿರುಪ್ಪೂರು ಅಂದರೆ ಅಂಗಡಿಗೆ ಬರುವ ಬನಿಯನ್ ಬಾಕ್ಸಿನ ಮೇಲಿನ ಊರು. ಅದರಾಚೆ ಆ ಸೀಮೆಯ ಚರಿತ್ರೆ ನಾವು ಓದಿದ್ದು ಕಡಿಮೆ.

ಓದಬೇಕಾದ ಕಾರಣ ಒಂದಿದೆ. ನಮ್ಮ ಸಮಾವೇಶಗಳಲ್ಲಿ, ಬ್ಯಾರಿ ಕಾರ್ಯಕ್ರಮಗಳಲ್ಲಿ ಈಗ ಹಳೆಯ ಸಾಮಾನುಗಳ ಪ್ರದರ್ಶನ ಇಡುವ ಪದ್ಧತಿ ಬಂದಿದೆ. ಹಿತ್ತಾಳೆಯ ಪೀಕದಾನಿ, ಸೇಮಿಗೆ ಒತ್ತುವ ಮರದ ಮಣೆ, ಅಳತೆಯ ಸೇರು, ಅರಬಿ-ಮಲಯಾಳಂ ಲಿಪಿಯ ಕಿತಾಬು, ಅಲಿಕತ್ತ್ ತೊಟ್ಟ ಅಜ್ಜಿಯಂದಿರ ಫೋಟೋ. ಇಟ್ಟವರು ವಾರಗಟ್ಟಲೆ ಮನೆಮನೆ ಅಲೆದು ತಂದಿರುತ್ತಾರೆ. ಬಂದ ಜನ ಅದರ ಮುಂದೆ ಎರಡು ನಿಮಿಷ ನಿಂತು, ಒಂದು ಸೆಲ್ಫಿ ತೆಗೆದು, ತಿಂಡಿ ಸ್ಟಾಲಿನ ಕಡೆ ಹೋಗುತ್ತಾರೆ. ಆಮೇಲೆ ಸಭೆಯಲ್ಲಿ ಪ್ರತಿಸಲ ಅದೇ ಪ್ರಶ್ನೆ: ಜನರನ್ನು ಇದರ ಕಡೆ ಎಳೆಯುವುದು ಹೇಗೆ? ಏನಾದರೂ ದೊಡ್ಡ ಗಿಮಿಕ್ ಮಾಡಬೇಕು, ಜನ ಮರೆಯಬಾರದು ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಗಿಮಿಕ್ ಬೇಡ ಎಂದು ನಾನು ಹೇಳುವುದಿಲ್ಲ. ಅಂಗಡಿಯವರ ಮಗನಿಗೆ ಬೋರ್ಡಿನ ಬೆಲೆ ಗೊತ್ತಿರುತ್ತದೆ. ಆದರೆ ಯಾವ ಗಿಮಿಕ್? ಜನರ ಕಣ್ಣು ಸೆಳೆಯುವ ಕಲೆಯಲ್ಲಿ ನಾಯ್ಡು ನಿಪುಣರು. ಅವರ ಬದುಕಿನಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಸಿಗುತ್ತವೆ, ಮತ್ತು ಅವು ಒಂದಕ್ಕೊಂದು ವಿರುದ್ಧವಾಗಿವೆ.

ಬಿಚ್ಚಿ ನೋಡಿ ಕಲಿತ ಮನುಷ್ಯ

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಹುಟ್ಟಿದ್ದು 1893ರ ಮಾರ್ಚ್ 23ರಂದು, ಕೊಯಮತ್ತೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ. ಆಗ ಕೊಯಮತ್ತೂರೂ ನಮ್ಮ ದಕ್ಷಿಣ ಕನ್ನಡವೂ ಒಂದೇ ಮದ್ರಾಸ್ ಸರಕಾರದ ಕೆಳಗೆ. 1956ರಲ್ಲಿ ರಾಜ್ಯಗಳು ಬೇರೆಯಾಗುವವರೆಗೆ ಅಲ್ಲಿನವರಿಗೂ ನಮ್ಮವರಿಗೂ ರಾಜಧಾನಿ ಮದ್ರಾಸೇ. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಸೇರಿದ್ದೂ, ನಮ್ಮ ಜಿಲ್ಲೆ ಮೈಸೂರಿಗೆ ಬಂದದ್ದೂ ಅದೇ ವರ್ಷ. ಹಾಗಾಗಿ ನಾಯ್ಡು ಅವರ ಕಾಲದ ಕಥೆ ನಮಗೆ ಪೂರ್ತಿ ಪರವೂರಿನದಲ್ಲ.

ಅವರಿಗೆ ಶಾಲೆ ಹತ್ತಲಿಲ್ಲ. ಯೌವನದಲ್ಲಿ ಒಬ್ಬ ಬ್ರಿಟಿಷ್ ಕಂದಾಯ ಅಧಿಕಾರಿಯ ರಡ್ಜ್ ಮೋಟಾರ್ ಸೈಕಲ್ ಕಂಡರು. ಎತ್ತು, ಕುದುರೆ ಇಲ್ಲದೆ ಓಡುವ ಗಾಡಿ. ಅದು ಬೇಕೇ ಬೇಕು ಎಂದು ಕೊಯಮತ್ತೂರಿಗೆ ಹೋಗಿ, ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದು, ನಾಣ್ಯ ನಾಣ್ಯ ಕೂಡಿಟ್ಟು ಅದೇ ಗಾಡಿಯನ್ನು ಕೊಂಡುಕೊಂಡರು. ಕೊಂಡು ಓಡಿಸಿ ಸುಮ್ಮನಿರಲಿಲ್ಲ. ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿದರು. ಅವರ ಎಂಜಿನಿಯರಿಂಗ್ ಕಾಲೇಜು ಅದೇ.

ಮೊದಲನೇ ಮಹಾಯುದ್ಧದ ಕಾಲದಲ್ಲಿ ತಿರುಪ್ಪೂರಿನಲ್ಲಿ ಹತ್ತಿ ವ್ಯಾಪಾರ ಮಾಡಿ ಚೆನ್ನಾಗಿ ಸಂಪಾದಿಸಿದರು. ಬಳಿಕ ಮುಂಬಯಿಯ ಹತ್ತಿ ಸಟ್ಟಾದಲ್ಲಿ ಅದನ್ನೆಲ್ಲ ಕಳೆದುಕೊಂಡರು. ಬರಿಗೈಯಲ್ಲಿ ವಾಪಸ್ ಬಂದವರಿಗೆ ಕೊಯಮತ್ತೂರಿನ ಆಂಗ್ಲ ಉದ್ಯಮಿ ಸ್ಟೇನ್ಸ್ ಬೆನ್ನಿಗೆ ನಿಂತರು. 1920ರಲ್ಲಿ ಒಂದೇ ಒಂದು ಬಸ್ಸು ತಂದು, ಪೊಳ್ಳಾಚಿ ಮತ್ತು ಪಳನಿ ನಡುವೆ ತಾವೇ ಸ್ಟೀರಿಂಗ್ ಹಿಡಿದು ಓಡಿಸಿದರು. ಮುಂದೆ ಅದೇ ಯು.ಎಂ.ಎಸ್. ಎಂಬ ದೊಡ್ಡ ಬಸ್ ಕಂಪನಿಯಾಯಿತು. ಬಸ್ಸಿನ ವ್ಯವಹಾರ ಎಂದರೇನು ಎಂದು ನಮ್ಮ ಕರಾವಳಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಒಂದು ಗಾಡಿಯಿಂದ ನೂರಾರು ಗಾಡಿಗೆ ಹೋಗುವುದು ಎಷ್ಟು ಜನರ ನಂಬಿಕೆಯ ಲೆಕ್ಕ ಎಂದು ನಮಗೆ ಗೊತ್ತು.

ಆಮೇಲೆ ಯಂತ್ರಗಳು. 1937ರಲ್ಲಿ ಪೀಳಮೇಡಿನಲ್ಲಿ ಡಿ. ಬಾಲಸುಂದರಂ ಜೊತೆ ಸೇರಿ ದೇಶದಲ್ಲೇ ತಯಾರಾದ ಮೊದಲ ಎಲೆಕ್ಟ್ರಿಕ್ ಮೋಟಾರನ್ನು ಹೊರತಂದರು. ಇವತ್ತು ನಮ್ಮ ಬಾವಿಗಳಲ್ಲಿ ಕೊಯಮತ್ತೂರಿನ ಪಂಪು ಇರುವುದರ ಬೇರು ಅಲ್ಲಿಗೆ ಹೋಗುತ್ತದೆ. ಬ್ಯಾಟರಿಯಿಂದ ನಡೆಯುವ ‘ರಸಾಂಟ್’ ಎಂಬ ಶೇವಿಂಗ್ ರೇಜರ್, ತೀರಾ ತೆಳುವಾದ ಬ್ಲೇಡು, ಹಣ್ಣಿನ ರಸ ತೆಗೆಯುವ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು, ಮೋಸ ಮಾಡಲಾಗದಂತೆ ಮತ ದಾಖಲಿಸುವ ಯಂತ್ರ ಎಲ್ಲವೂ ಅವರ ಕೈಯಿಂದ ಬಂದವು. ಐದು ವಾಲ್ವಿನ ರೇಡಿಯೊವನ್ನು ಬರೀ 70 ರೂಪಾಯಿಗೆ ಮಾಡಿಕೊಡಬಲ್ಲೆ ಎಂದು 1941ರಲ್ಲಿ ಸಾರಿದರು. 1952ರಲ್ಲಿ 2,000 ರೂಪಾಯಿಯ, ಇಬ್ಬರು ಕೂರುವ ಪೆಟ್ರೋಲ್ ಕಾರು ತಯಾರಿಸಿದರು. ಆದರೆ ಅದನ್ನು ಮಾರಾಟಕ್ಕೆ ತಯಾರಿಸಲು ಸರಕಾರದ ಪರವಾನಗಿ ಸಿಗಲಿಲ್ಲ.

1945ರಲ್ಲಿ ಕೊಯಮತ್ತೂರಿನಲ್ಲಿ ಆರ್ಥರ್ ಹೋಪ್ ಪಾಲಿಟೆಕ್ನಿಕ್ ಶುರುವಾದಾಗ ಅದರ ಹಿಂದೆ ಇದ್ದವರೂ ನಾಯ್ಡು, ಮೊದಲ ಪ್ರಾಂಶುಪಾಲರೂ ಅವರೇ. ಅರ್ಧಕ್ಕೆ ಶಾಲೆ ಬಿಟ್ಟವರು ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲ್! ಕೋರ್ಸಿನ ಅವಧಿ ಅನಗತ್ಯವಾಗಿ ಉದ್ದ, ಅದೇ ವಿದ್ಯೆಯನ್ನು ಇದರ ಅರ್ಧ ಸಮಯದಲ್ಲಿ ಕಲಿಸಬಹುದು ಎಂಬುದು ಅವರ ವಾದ. ಸರಕಾರ ಒಪ್ಪಲಿಲ್ಲ, ಅವರು ಹುದ್ದೆ ಬಿಟ್ಟರು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನ್ನಂಥವರು ಇದನ್ನು ಓದಿ ಸ್ವಲ್ಪ ನಗುತ್ತೇವೆ, ಸ್ವಲ್ಪ ಯೋಚಿಸುತ್ತೇವೆ. ವರ್ಕ್‌ಶಾಪ್ ಪೀರಿಯಡ್ಡಿನಲ್ಲಿ ಬಿಚ್ಚಿ ಜೋಡಿಸಿದ ಗೇರ್‌ಬಾಕ್ಸ್ ನೆನಪಿರುತ್ತದೆ. ಬರೆದುಕೊಂಡ ನೋಟ್ಸ್ ನೆನಪಿರುವುದಿಲ್ಲ.

ಬೆಳಿಗ್ಗೆ ಅಡಿಪಾಯ, ಸಂಜೆಗೆ ಮನೆ

ನಾಯ್ಡು ಅವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಜನ ಕೇಳುವುದಿಲ್ಲ, ತೋರಿಸಿದರೆ ನೋಡುತ್ತಾರೆ. ಕಡಿಮೆ ಖರ್ಚಿನಲ್ಲಿ ಬೇಗ ಮನೆ ಕಟ್ಟಬಹುದು ಎಂದು ಭಾಷಣ ಮಾಡುವ ಬದಲು, ಬೆಳಿಗ್ಗೆ ಅಡಿಪಾಯದ ಕೆಲಸ ಶುರುಮಾಡಿ ಅದೇ ದಿನ ಸಂಜೆಯೊಳಗೆ ಒಂದು ಮನೆಯನ್ನು ಮುಗಿಸಿ ನಿಲ್ಲಿಸಿದರು. ಕೃಷಿಯಲ್ಲೂ ಹಾಗೆಯೇ. ಹತ್ತಿ ಗಿಡವನ್ನು ಮನುಷ್ಯನ ತಲೆಗಿಂತ ಎತ್ತರ ಬೆಳೆಸಿ ತೋರಿಸಿದರು. ಸರ್ ಸಿ.ವಿ. ರಾಮನ್ ಮತ್ತು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಅವರ ತೋಟ ನೋಡಲು ಹೋದದ್ದುಂಟು.

ಇದು ಪ್ರಚಾರವೇ? ಹೌದು, ಅಪ್ಪಟ ಪ್ರಚಾರ. ಒಂದು ದಿನದಲ್ಲಿ ಮನೆ ಕಟ್ಟುವ ಅಗತ್ಯ ಯಾರಿಗೂ ಇರಲಿಲ್ಲ. ಎರಡು ವಾರದಲ್ಲಿ ಕಟ್ಟಿದ್ದರೂ ಸಾಕಿತ್ತು. ಆದರೆ ಎರಡು ವಾರದ ಮನೆಯನ್ನು ನೋಡಲು ಯಾರೂ ಬರುವುದಿಲ್ಲ. ಒಂದು ದಿನದ ಮನೆ ನೋಡಲು ಊರೇ ಬರುತ್ತದೆ. ಮತ್ತು ಹಾಗೆ ಬಂದವನು ವಾಪಸ್ ಹೋಗುವಾಗ ತಲೆಯಲ್ಲಿ ಏನು ಹೊತ್ತು ಹೋಗುತ್ತಾನೆ? ಮನೆಯನ್ನು ಹೀಗೂ ಕಟ್ಟಬಹುದು ಎಂಬ ವಿಷಯವನ್ನೇ. ಗಿಮಿಕ್ಕೂ ವಿಷಯವೂ ಇಲ್ಲಿ ಬೇರೆ ಬೇರೆ ಅಲ್ಲ.

ಐದು ಇಟ್ಟಿಗೆಯ ಆಟ

ಇದರ ಬೆಲೆ ಗೊತ್ತಾಗಬೇಕಾದರೆ ಪಕ್ಕದಲ್ಲಿ ಬೇರೆ ಬಗೆಯ ಒಂದು ಗಿಮಿಕ್ ಇಟ್ಟು ನೋಡಬೇಕು. ಮ್ಯೂಸಿಯಂ ಪ್ರಚಾರದ ಚರಿತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಅಮೆರಿಕದ ಪಿ.ಟಿ. ಬಾರ್ನಮ್. 1841ರ ಕೊನೆಯಲ್ಲಿ ಈತ ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿದ್ದ ಒಂದು ಹಳೆಯ ಮ್ಯೂಸಿಯಂ ಕೊಂಡ. ಅಮೆರಿಕನ್ ಮ್ಯೂಸಿಯಂ ಎಂದು ಅದರ ಹೆಸರು.

ಒಂದು ದಿನ ಕೆಲಸ ಕೇಳಿಕೊಂಡು ಒಬ್ಬ ಗಟ್ಟಿಮುಟ್ಟಾದ ಆಳು ಬಂದ. ಬಾರ್ನಮ್ ಅವನಿಗೆ ದಿನಕ್ಕೆ ಒಂದೂವರೆ ಡಾಲರ್ ಕೂಲಿ ಒಪ್ಪಿ, ಕೈಗೆ ಐದು ಇಟ್ಟಿಗೆ ಕೊಟ್ಟ. ನಾಲ್ಕು ಇಟ್ಟಿಗೆಗಳನ್ನು ಮ್ಯೂಸಿಯಂ ಸುತ್ತಿನ ನಾಲ್ಕು ಜಾಗಗಳಲ್ಲಿ ಇಡಬೇಕು. ಐದನೆಯದನ್ನು ಕೈಯಲ್ಲಿ ಹಿಡಿದು ಒಂದರಿಂದ ಇನ್ನೊಂದಕ್ಕೆ ಚುರುಕಾಗಿ ನಡೆಯಬೇಕು. ಹೋದಲ್ಲಿ ಕೈಯಲ್ಲಿದ್ದ ಇಟ್ಟಿಗೆ ಇಟ್ಟು, ಅಲ್ಲಿದ್ದ ಇಟ್ಟಿಗೆ ಎತ್ತಿಕೊಳ್ಳಬೇಕು. ಯಾರು ಏನು ಕೇಳಿದರೂ ಕಿವುಡನಂತೆ ಇರಬೇಕು, ಒಂದು ಮಾತೂ ಆಡಬಾರದು. ಗಂಟೆಗೊಮ್ಮೆ ಮ್ಯೂಸಿಯಂ ಬಾಗಿಲಲ್ಲಿ ಟಿಕೆಟ್ ತೋರಿಸಿ ಒಳಗೆ ಹೋಗಿ, ಎಲ್ಲ ಕೋಣೆಗಳನ್ನು ಗಂಭೀರವಾಗಿ ನೋಡಿ, ಹೊರಬಂದು ಮತ್ತೆ ಇಟ್ಟಿಗೆ ಕೆಲಸ ಮುಂದುವರಿಸಬೇಕು.

ಗಂಟೆಯೊಳಗೆ ನೂರಾರು ಜನ ಅವನ ಹಿಂದೆ. ಇವನು ಮಾಡುತ್ತಿರುವುದೇನು ಎಂದು ಯಾರಿಗೂ ತಿಳಿಯದು. ಅವನು ಮ್ಯೂಸಿಯಂ ಒಳಗೆ ಹೋದಾಗಲೆಲ್ಲ ಹಿಂದೆಯೇ ಹತ್ತಾರು ಜನ ಟಿಕೆಟ್ ಕೊಂಡು ಒಳನುಗ್ಗಿದರು, ರಹಸ್ಯ ಒಳಗಿರಬಹುದೆಂದು. ಕೂಲಿ ಹುಟ್ಟಿ ಎಷ್ಟೋ ಪಾಲು ಲಾಭ ಬಂತು. ಕೆಲವು ದಿನಗಳ ಬಳಿಕ ರಸ್ತೆ ಕಟ್ಟಿಹೋಗುತ್ತಿದೆ ಎಂದು ಪೊಲೀಸರು ತಕರಾರು ತೆಗೆದ ಮೇಲೆ ಇಟ್ಟಿಗೆ ಮನುಷ್ಯನನ್ನು ಒಳಗೆ ಕರೆಸಿಕೊಳ್ಳಬೇಕಾಯಿತು. ಈ ಕಥೆಯನ್ನು ಬಾರ್ನಮ್ ತನ್ನ ಆತ್ಮಕಥೆಯಲ್ಲಿ ತಾನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದಕ್ಕೆ ನೂರಕ್ಕೆ ನೂರು ಅಂಕ. ಖರ್ಚು ಐದು ಇಟ್ಟಿಗೆ ಮತ್ತು ಒಬ್ಬನ ಕೂಲಿ. ಆದರೆ ಒಂದು ಪ್ರಶ್ನೆ ಕೇಳಿ ನೋಡಿ. ಆ ದಿನ ಒಳಗೆ ಹೋದವರು ಅಲ್ಲಿ ಕಂಡದ್ದೇನು? ಕಥೆ ಓದಿದ ನಮಗೆ ಇಟ್ಟಿಗೆ ನೆನಪಿರುತ್ತದೆ, ಮ್ಯೂಸಿಯಮ್ಮಿನ ಒಂದು ವಸ್ತುವೂ ನೆನಪಿರುವುದಿಲ್ಲ. ಇಟ್ಟಿಗೆಗೂ ಒಳಗಿದ್ದ ವಸ್ತುಗಳಿಗೂ ಸಂಬಂಧವೇ ಇರಲಿಲ್ಲ. ಬಟ್ಟೆ ಅಂಗಡಿಯ ಮುಂದೆಯೂ, ಹೋಟೆಲಿನ ಮುಂದೆಯೂ ಅದೇ ಆಟ ನಡೆಯುತ್ತಿತ್ತು.

ಬಾರ್ನಮ್‌ನ ಕಥೆಯಲ್ಲಿ ಇನ್ನೂ ಕೆಟ್ಟ ಪಾಠ ಒಂದಿದೆ. ಇಟ್ಟಿಗೆಗೂ ಮೊದಲು, 1835ರಲ್ಲಿ, ಈತ ಜಾಯ್ಸ್ ಹೆತ್ ಎಂಬ ಗುಲಾಮ ಕಪ್ಪು ವೃದ್ಧೆಯನ್ನು ಊರೂರು ಪ್ರದರ್ಶನಕ್ಕಿಟ್ಟು ಹಣ ಮಾಡಿದ್ದ. ಈಕೆಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್ ಮಗುವಾಗಿದ್ದಾಗ ಸಾಕಿದವಳು ಈಕೆ ಎಂದು ಸುಳ್ಳು ಹೇಳಿದ್ದ. ಮುಂದಿನ ವರ್ಷ ಆಕೆ ತೀರಿಕೊಂಡಾಗ, ಆಕೆಯ ಶವ ಕೊಯ್ಯುವುದನ್ನೂ ಟಿಕೆಟ್ ಇಟ್ಟು ಜನರಿಗೆ ತೋರಿಸಿದ. ಪ್ರಚಾರಕ್ಕೆ ಕಡಿವಾಣ ಇಲ್ಲದಿದ್ದರೆ ಅದು ವಸ್ತುವಿನಲ್ಲಿ ನಿಲ್ಲುವುದಿಲ್ಲ, ಮನುಷ್ಯನನ್ನೇ ವಸ್ತು ಮಾಡುತ್ತದೆ. ನಮ್ಮಂಥ ಸಣ್ಣ ಸಮುದಾಯ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗೇಟಿನ ಹತ್ತಿರ ದಫ್ ತಂಡ ನಿಲ್ಲಿಸುವುದು, ಹುಡುಗಿಯರಿಗೆ ಹಳೆಯ ಕಾಲದ ಉಡುಪು ಹಾಕಿ ಸಾಲಾಗಿ ನಿಲ್ಲಿಸುವುದು ಸುಲಭ. ದಫ್ ಬಾರಿಸುವವನು ಕಲಾವಿದ, ಅವನಿಗೆ ವೇದಿಕೆ ಬೇಕು. ಅವನು ಬ್ಯಾನರ್ ಅಲ್ಲ.

ಒಡೆದ ರೇಡಿಯೊಗಳು

ಈಗ ನಾಯ್ಡು ಅವರ ಎರಡನೇ ಉತ್ತರಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೂ ತೆರಿಗೆಯ ಭಾರ, ಪರವಾನಗಿಯ ಅಡ್ಡಿ ಅವರನ್ನು ಬಿಡಲಿಲ್ಲ. ಕಡಿಮೆ ಬೆಲೆಗೆ ಜನರಿಗೆ ಸಿಗಬೇಕಾದ ವಸ್ತುಗಳನ್ನು ಮಾಡಿ ಇಟ್ಟರೂ ಮಾರಲು ಬಿಡುವುದಿಲ್ಲ ಎಂಬ ಕೋಪ ಅವರಲ್ಲಿ ಕುದಿಯುತ್ತಿತ್ತು. 1950ರ ದಶಕದಲ್ಲಿ ಅವರು ಜನರನ್ನು ಸೇರಿಸಿ, ರೇಡಿಯೊ, ಗಡಿಯಾರ ಮೊದಲಾದ ತಮ್ಮದೇ ಸಾಧನಗಳನ್ನು ಎಲ್ಲರ ಎದುರಿಗೆ ಒಡೆದು ಹಾಕಿಸಿದರು. ಮಾಡಿದ ಕೈಯೇ ಮುರಿಯುವುದನ್ನು ಕಂಡಾಗಲಾದರೂ ಸರಕಾರಕ್ಕೆ ನಾಚಿಕೆಯಾಗಲಿ ಎಂಬುದು ಆ ಪ್ರತಿಭಟನೆಯ ಅರ್ಥ.

ಒಂದು ದಿನದಲ್ಲಿ ಕಟ್ಟಿದ ಮನೆಗಿಂತ ಇದು ದೊಡ್ಡ ಸುದ್ದಿ. ಇದರಲ್ಲೂ ಗಿಮಿಕ್ ಮತ್ತು ವಿಷಯ ಬೇರೆಯಲ್ಲ. ಉಪಯೋಗಕ್ಕೆ ಬಿಡದ ರೇಡಿಯೊ ಮುರಿದ ರೇಡಿಯೊಗೆ ಸಮ ಎಂದು ಅದು ನೇರವಾಗಿ ಹೇಳುತ್ತದೆ. ಬಾರ್ನಮ್‌ನ ಇಟ್ಟಿಗೆಯಂತೆ ಟೊಳ್ಳಲ್ಲ. ಆದರೂ ಲೆಕ್ಕ ಹಾಕಿದರೆ ನಷ್ಟವೇ ಹೆಚ್ಚು. ತೆರಿಗೆಯ ನೀತಿ ಅದರಿಂದ ತಿರುಗಲಿಲ್ಲ, ಪರವಾನಗಿಯ ರಾಜ್ಯ ಇನ್ನೂ ಕೆಲವು ದಶಕ ಗಟ್ಟಿಯಾಗಿಯೇ ನಡೆಯಿತು. ಮುರಿದ ವಸ್ತುಗಳು ಮಾತ್ರ ವಾಪಸ್ ಬರಲಿಲ್ಲ. ಆ ರೇಡಿಯೊ ಹೇಗೆ ಕೆಲಸ ಮಾಡುತ್ತಿತ್ತು, ಬೆಲೆ ಹೇಗೆ ಇಳಿಸಿದರು ಎಂದು ಬಿಚ್ಚಿ ನೋಡಿ ಕಲಿಯಲು ಬರುವ ಹುಡುಗನಿಗೆ ಒಡೆದ ರೇಡಿಯೊ ಏನನ್ನೂ ಹೇಳುವುದಿಲ್ಲ. ಸ್ವತಃ ಬಿಚ್ಚಿ ನೋಡಿಯೇ ಕಲಿತವರು, ಮುಂದಿನವರು ಬಿಚ್ಚಿ ನೋಡಬಹುದಾಗಿದ್ದ ವಸ್ತುವನ್ನು ಒಡೆದರು. ಅವರ ಕೋಪ ನ್ಯಾಯವೇ. ಆದರೆ ಪ್ರತಿಭಟನೆ ಉಳಿದು ವಸ್ತು ಹೋಯಿತು.

ಕಳೆದುಹೋದದ್ದು ಜನರನ್ನು ಎಳೆಯುವ ಪರಿ ವಿಚಿತ್ರ. 1911ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಿಂದ ಮೊನಾಲಿಸಾ ಚಿತ್ರ ಕಳವಾಯಿತು. ಆಮೇಲೆ ಅದು ತೂಗಿದ್ದ ಖಾಲಿ ಗೋಡೆಯನ್ನು ನೋಡಲು ಜನ ಸಾಲು ನಿಂತರು. ಮೊನಾಲಿಸಾ 1913ರಲ್ಲಿ ಇಟಲಿಯಲ್ಲಿ ಸಿಕ್ಕಿತು, ಗೋಡೆ ತುಂಬಿತು. ನಾಯ್ಡು ಅವರ ಒಡೆದ ಸಾಧನಗಳಿಗೆ, ನಮ್ಮ ಮನೆಗಳಿಂದ ಹೋದ ಸಾಮಾನುಗಳಿಗೆ ಅಂತಹ ವಾಪಸಾತಿ ಇಲ್ಲ.

ಕೊಯಮತ್ತೂರಿನ ಅದೃಷ್ಟ ಏನೆಂದರೆ, ಒಡೆದ ನಾಯ್ಡು ಅವರೇ ಕೂಡಿಟ್ಟವರೂ ಹೌದು. ದೇಶವಿದೇಶ ತಿರುಗಿ ತಂದ ಯಂತ್ರಗಳನ್ನು, ತಮ್ಮ ತಯಾರಿಕೆಗಳನ್ನು ಜನರು ನೋಡಿ ಕಲಿಯಲಿ ಎಂದು ಪ್ರದರ್ಶನಕ್ಕೆ ಇಟ್ಟರು. 1974ರ ಜನವರಿ 4ರಂದು ಅವರು ತೀರಿಕೊಂಡ ಮೇಲೂ ಅದು ಮುಚ್ಚಲಿಲ್ಲ. ಪಕ್ಕದಲ್ಲೇ ಇರುವ ಕಾರ್ ಮ್ಯೂಸಿಯಮ್ಮಿನಲ್ಲಿ 1886ರ ಬೆಂಜ್ ಗಾಡಿಯ ಪ್ರತಿಕೃತಿಯಿಂದ ಹಿಡಿದು ಬಗೆಬಗೆಯ ಕಾರುಗಳಿವೆ. ಮಂಗಳೂರಿನಿಂದ ರೈಲು ಹತ್ತಿದರೆ ಕಾಸರಗೋಡು, ಕೋಝಿಕ್ಕೋಡು, ಪಾಲಕ್ಕಾಡು ದಾಟಿ ಅದೇ ದಿನ ತಲುಪುವ ಊರು. ರಜೆಯಲ್ಲಿ ಮಕ್ಕಳನ್ನು ಊಟಿಗೆ ಕರೆದುಕೊಂಡು ಹೋಗುವವರು ದಾರಿಯಲ್ಲಿ ಅರ್ಧ ದಿನ ಇದಕ್ಕೆ ಕೊಟ್ಟರೆ ನಷ್ಟವಿಲ್ಲ.

ನಮ್ಮ ತಕ್ಕಡಿಯ ಮೇಲೆ ನಮ್ಮದೇ ಸಾಮಾನು

ಈಗ ನಮ್ಮ ಮಾತು. ಬ್ಯಾರಿ ಎಂಬ ಹೆಸರೇ ‘ಬ್ಯಾರ’ ಎಂಬ ವ್ಯಾಪಾರದ ಪದದಿಂದ ಬಂದದ್ದು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಮೀನು, ಮರ, ಅಡಿಕೆ, ಬಟ್ಟೆ, ದಿನಸಿ ಎಲ್ಲದರಲ್ಲೂ ನಮ್ಮವರಿದ್ದಾರೆ. ಗುಜರಿಯಲ್ಲಂತೂ ನಮ್ಮವರು ಬಹಳ ಜನ. ಹಾಗಾಗಿ ಒಂದು ಕಹಿ ಸತ್ಯ ಒಪ್ಪಿಕೊಳ್ಳಬೇಕು. ಬ್ಯಾರಿ ಮನೆಯ ಹಳೆಯ ಸಾಮಾನು ನಮ್ಮ ಕೈಯಿಂದಲೇ, ನಮ್ಮದೇ ತಕ್ಕಡಿಯಲ್ಲಿ ತೂಗಿ, ಕರಗಿಸಲು ಹೋಗುತ್ತಿದೆ. ಹಳೆಯ ಹೆಂಚಿನ ಮನೆ ಕೆಡವಿ ಟೆರೇಸ್ ಮನೆ ಕಟ್ಟುವ ದಿನ ಅಟ್ಟದಿಂದ ಇಳಿದದ್ದೆಲ್ಲ ಪಿಕಪ್ ಹತ್ತುತ್ತದೆ. ಇದರಲ್ಲಿ ಯಾರದೂ ಕಳ್ಳತನ ಇಲ್ಲ. ಕೊಡುವವನಿಗೆ ಜಾಗ ಬೇಕು, ಕೊಳ್ಳುವವನಿಗೆ ಕಿಲೋ ಬೇಕು. ಗುಜರಿ ಹಲಾಲ್ ದುಡಿಮೆ, ಎಷ್ಟೋ ಮನೆಗಳ ಅನ್ನ.

ಆದರೆ ತಕ್ಕಡಿಗೆ ತೂಕ ಮಾತ್ರ ಗೊತ್ತು. ಒಂದು ಉದಾಹರಣೆ ಕೊಡುತ್ತೇನೆ. ಗಲ್ಫಿಗೆ ಹೋದ ಮೊದಲ ತಲೆಮಾರಿನವರು ಫೋನಿಲ್ಲದ ಕಾಲದಲ್ಲಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಕಳುಹಿಸುತ್ತಿದ್ದರು. ಊರಿಗೆ ಬರುವವರ ಕೈಯಲ್ಲಿ ಆ ಕ್ಯಾಸೆಟ್ ಬರುತ್ತಿತ್ತು. ಇಡೀ ಮನೆ ಟೇಪ್‌ರೆಕಾರ್ಡರ್ ಸುತ್ತ ಕೂತು ಕೇಳುತ್ತಿತ್ತು. ಅಕ್ಷರ ಬಾರದ ಉಮ್ಮಂದಿರಿಗೆ ಬೇರೆಯವರ ಬಾಯಿಂದ ಓದಿಸದೆ ಮಗನ ಮಾತು ಕೇಳುವ ದಾರಿ ಅದೊಂದೇ. ಸ್ವಂತ ಲಿಪಿಯ ಬಳಕೆ ಇಲ್ಲದ ನಮ್ಮ ಭಾಷೆಗೆ, ಮನೆಯೊಳಗಿನ ಆಡುಮಾತಿನ ದಾಖಲೆ ಇದಕ್ಕಿಂತ ಒಳ್ಳೆಯದು ಎಲ್ಲಿದೆ? ಆ ಕ್ಯಾಸೆಟ್ ಗುಜರಿಗೆ ಹೋದರೆ ಬರೀ ಪ್ಲಾಸ್ಟಿಕ್ಕು. ನಾಯ್ಡು ಅವರ ರೇಡಿಯೊ ಒಡೆದಾಗ ಕನಿಷ್ಠ ಸಾವಿರ ಕಣ್ಣುಗಳು ನೋಡಿದವು. ನಮ್ಮ ಉಪ್ಪಂದಿರ ದನಿ ಯಾರೂ ನೋಡದೆ ಹೋಗುತ್ತಿದೆ.

ಹಾಗಾದರೆ ನಮ್ಮ ಪ್ರದರ್ಶನಕ್ಕೆ ಯಾವ ಗಿಮಿಕ್? ಆನೆ ತರಿಸುವುದು, ಸಿನಿಮಾದವರನ್ನು ಕರೆಸುವುದು, ಲಕ್ಕಿ ಡ್ರಾ ಇಡುವುದು ಎಲ್ಲವೂ ಬಾರ್ನಮ್‌ನ ಇಟ್ಟಿಗೆಗಳು. ಜನ ಬರುತ್ತಾರೆ, ಬಹುಮಾನ ಕೇಳುತ್ತಾರೆ, ಹೋಗುತ್ತಾರೆ. ನಮಗೆ ಬೇಕಾದದ್ದು ನಾಯ್ಡು ಅವರ ಒಂದು ದಿನದ ಮನೆಯಂಥದ್ದು. ನೋಡಿದ ಕೂಡಲೇ ವಿಷಯ ಗೊತ್ತಾಗಬೇಕು. ಅದು ನಮ್ಮ ಕೈಯಲ್ಲೇ ಇದೆ ಎಂದು ನನ್ನ ಅಭಿಪ್ರಾಯ.

ಗುಜರಿ ಪಿಕಪ್ ಮೈಕ್ ಹಾಕಿಕೊಂಡು ಓಣಿಯಲ್ಲಿ ಬರುವುದು ಎಲ್ಲರಿಗೂ ಪರಿಚಯದ ಸದ್ದು. ಹಳೆಯ ಕಬ್ಬಿಣ, ಹಳೆಯ ಪೇಪರ್, ಹಳೆಯ ಬ್ಯಾಟರಿ ಎಂದು ಕೂಗುವ ಆ ಗಾಡಿಯನ್ನೇ ಪ್ರದರ್ಶನಕ್ಕೆ ಮೂರು ವಾರ ಮೊದಲು ಹೊರಡಿಸಬೇಕು. ಬಂದರ್, ಉಳ್ಳಾಲ, ಬಿ.ಸಿ. ರೋಡ್, ಪುತ್ತೂರು, ಎಲ್ಲಿ ನಮ್ಮವರಿದ್ದಾರೋ ಅಲ್ಲಿ. ಅದೇ ಗಾಡಿ, ಅದೇ ರಾಗ, ಮಾತು ಮಾತ್ರ ಬೇರೆ: ಹಳೆಯ ಸಾಮಾನು ತೂಕಕ್ಕೆ ಕೊಡಬೇಡಿ, ತೋರಿಸಲು ಕೊಡಿ, ವಾಪಸ್ ತಂದುಕೊಡುತ್ತೇವೆ. ಕೇಳಿದ ಯಾರೂ ಬಾಗಿಲಿಗೆ ಬಂದು ಒಮ್ಮೆ ಇಣುಕದೆ ಇರಲಾರರು. ಮಕ್ಕಳು ಗಾಡಿಯ ಹಿಂದೆ ಓಡುತ್ತಾರೆ. ನಗುತ್ತಾರೆ, ನಗಲಿ.

ಪ್ರದರ್ಶನದ ಹಾಲಿನಲ್ಲಿ ಗಾಜಿನ ಪೆಟ್ಟಿಗೆ ಬೇಡ. ಪ್ರತಿ ವಸ್ತುವನ್ನೂ ಒಂದೊಂದು ಗುಜರಿ ತಕ್ಕಡಿಯ ಮೇಲೆ ಇಡಬೇಕು. ತಕ್ಕಡಿಗೆ ನಮ್ಮಲ್ಲಿ ಬರ ಇಲ್ಲ. ಒಂದು ಬದಿಗೆ ಬೋರ್ಡು: ತೂಕ ಇಷ್ಟು, ಇವತ್ತಿನ ಗುಜರಿ ದರದಲ್ಲಿ ಇಷ್ಟು ರೂಪಾಯಿ. ಇನ್ನೊಂದು ಬದಿಗೆ ಆ ಮನೆಯವರು ಹೇಳಿದ ಮಾತು, ಬ್ಯಾರಿ ಭಾಷೆಯಲ್ಲೂ ಕನ್ನಡದಲ್ಲೂ: ಯಾರು ತಂದದ್ದು, ಎಲ್ಲಿಂದ, ಯಾವುದಕ್ಕೆ ಬಳಸಿದ್ದು. ಕ್ಯಾಸೆಟ್ಟಿನ ಮುಂದೆ ತೂಕ ಗ್ರಾಮಿನಲ್ಲಿ, ಬೆಲೆ ಪೈಸೆಯಲ್ಲಿ. ಪಕ್ಕದಲ್ಲಿ ಹೆಡ್‌ಫೋನ್, ಮನೆಯವರು ಒಪ್ಪಿದ ಎರಡು ನಿಮಿಷದ ದನಿ. ವ್ಯಾಪಾರಿ ಜನ ನಾವು, ಎರಡು ಬೋರ್ಡು ಓದಿದ ಮೇಲೆ ಲೆಕ್ಕ ನಮಗೇ ಬರುತ್ತದೆ.

ಕೆಲವು ಕಟ್ಟುನಿಟ್ಟು ಬೇಕು. ಕೊಟ್ಟವರಿಗೆ ಸ್ಥಳದಲ್ಲೇ ಫೋಟೋ ಸಹಿತ ರಸೀದಿ. ಚಿನ್ನ ಬೇಡವೇ ಬೇಡ, ಅಲಿಕತ್ತ್ ಇದ್ದರೆ ಫೋಟೋ ಸಾಕು. ವಾಪಸ್ ಕೊಡುವ ದಿನಾಂಕ ರಸೀದಿಯಲ್ಲಿ ಇರಬೇಕು, ಮತ್ತು ಆ ದಿನ ತಪ್ಪಬಾರದು. ಒಬ್ಬರ ಒಂದು ತಟ್ಟೆ ಕಳೆದುಹೋದರೆ ಮುಂದಿನ ಸಲ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ಹಿತ್ತಾಳೆ ಸಾಮಾನನ್ನು ಹೊಳಪಿಗಾಗಿ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಮೇಲೆ ಕೆತ್ತಿದ ಹೆಸರು, ಅಂಕಿ ಸವೆದುಹೋಗುತ್ತವೆ. ಹಳೆಯ ಕ್ಯಾಸೆಟ್ಟನ್ನು ಹಳೆಯ ಪ್ಲೇಯರಿಗೆ ಹಾಗೆಯೇ ತುರುಕಬೇಡಿ. ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ, ರೋಲರ್ ಅಂಟಾಗಿದ್ದರೆ ಟೇಪನ್ನು ನುಂಗಿಬಿಡುತ್ತದೆ. ಬೆಲ್ಟ್ ಬದಲಿಸಿ, ಹೆಡ್ ಒರೆಸಿ, ಬೇಡದ ಒಂದು ಕ್ಯಾಸೆಟ್ ಹಾಕಿ ಪರೀಕ್ಷಿಸಿ, ಆಮೇಲೆ ಮನೆಯ ಕ್ಯಾಸೆಟ್. ಮೊದಲ ಸಲ ಕೇಳುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎರಡನೇ ಸಲ ಓಡುತ್ತದೆ ಎಂಬ ಭರವಸೆ ಇಲ್ಲ.

ಇಂಥ ಮನೆ ಸಾಮಾನಿನಿಂದ ಮ್ಯೂಸಿಯಂ ಆಗುತ್ತದೆಯೇ ಎಂದು ಕೇಳುವವರು ಬಿ.ಸಿ. ರೋಡಿನ ಸಂಚಯಗಿರಿಗೆ ಹೋಗಿ ಬನ್ನಿ. ಪ್ರೊ. ತುಕಾರಾಮ್ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ದಿನದ ಬದುಕಿನ ಪಾತ್ರೆ ಪಗಡಿ, ಕೃಷಿಯ ಸಲಕರಣೆಗಳೇ ಚರಿತ್ರೆ ಹೇಳುತ್ತವೆ. ನೆರೆಯವರು ಮಾಡಿದ್ದಾರೆ, ನಮ್ಮಿಂದ ಆಗದ ಕೆಲಸವಲ್ಲ.

ಅಲ್ಲಿಯವರೆಗೆ ಪ್ರತಿ ಮನೆಯವರೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಅಟ್ಟ ಖಾಲಿ ಮಾಡುವಾಗ, ಪಿಕಪ್ ಕರೆಯುವ ಮೊದಲು, ಮನೆಯ ಹಿರಿಯರೊಬ್ಬರನ್ನು ಹತ್ತಿರ ಕೂರಿಸಿ ಒಂದೊಂದೇ ಸಾಮಾನು ಅವರ ಮುಂದೆ ಇಡಿ. ಯಾರದ್ದು, ಎಲ್ಲಿಯದ್ದು, ಯಾಕೆ ಎಂದು ಕೇಳಿ, ಅವರ ಉತ್ತರವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಯಾವುದನ್ನು ತೂಗಬೇಕು, ಯಾವುದನ್ನು ಇಡಬೇಕು ಎಂದು ಅವರ ಎದುರಿಗೇ ತೀರ್ಮಾನಿಸಿ. ಕೊಡಬೇಕಾದದ್ದನ್ನು ಕೊಡಿ, ನ್ಯಾಯವಾದ ದರ ಕೇಳಿ ಪಡೆಯಿರಿ. ಉಳಿದದ್ದಕ್ಕೆ ಒಂದು ಚೀಟಿ ಬರೆದು ಅಂಟಿಸಿ.